ಬೇಲಿಗೊಂದು ಗೌರಿ ಹೂ

ಮಲೆನಾಡಲ್ಲಿ ಮಳೆ ಹಿಡಿದ ಮೇಲೆ ಬೇಲಿಗೆ ಬೆಂಕಿ ಹೊತ್ತಿಕೊಂಡ ಹಾಗೆ ಅರಳುತ್ತದಲ್ವಾ, ಅದೇ ಗೌರಿ ಹೂ. ಗೌರಿ ಹಬ್ಬದ ಹೊತ್ತಿಗೆ ಸಿಗುವುದರಿಂದ ಆ ಹೆಸರು. ಅಗ್ನಿಶಿಖೆ ಅಂತಲೂ ಕರೆಯುತ್ತಾರೆ. ಒಮ್ಮೆ ಜಾಗ ಹಿಡಿಸಿತು ಅಂದರೆ ವರ್ಷವರ್ಷವೂ ತಾನೇ ಏಳುತ್ತದೆ.

ಕಾಡಿನಿಂದ ಮಾತ್ರ ಕಿತ್ತು ತರಬೇಡಿ, ಅಲ್ಲಿ ಈಗಾಗಲೇ ಕಮ್ಮಿಯಾಗಿದೆ. ಬೆಳೆಸಿದವರ ಹತ್ತಿರ ಗಡ್ಡೆ ಕೇಳಿ ತನ್ನಿ. ಬೀಜದಿಂದಲೂ ಬರುತ್ತದೆ, ಆದರೆ ಹೂ ನೋಡಲು ಮೂರ್ನಾಲ್ಕು ವರ್ಷ ಕಾಯಬೇಕು. ಗಡ್ಡೆ ನೇಗಿಲಿನ ಹಾಗೆ ಬಾಗಿರುತ್ತದೆ. ಮೊಳಕೆ ಬರುವುದು ಅದರ ತುದಿಯಲ್ಲಿ. ಆ ತುದಿ ಮುರಿದರೆ ಗಡ್ಡೆ ಹೋದ ಹಾಗೇ, ಅದಕ್ಕೇ ಮೊಟ್ಟೆ ಹಿಡಿದ ಹಾಗೆ ಹಿಡಿಯಿರಿ. ಮುಂಗಾರಿಗೆ ಮುಂಚೆ, ನೀರು ನಿಲ್ಲದ ಬಿಸಿಲಿನ ಜಾಗದಲ್ಲಿ, 3-4 ಇಂಚು ಆಳಕ್ಕೆ ಅಡ್ಡ ಮಲಗಿಸಿ ಮುಚ್ಚಿ.

ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ. ಬೇರಿನಿಂದ ಬೀಜದವರೆಗೆ ಈ ಗಿಡ ಪೂರ್ತಿ ವಿಷ. ಗೆಣಸು ಅಂತ ತಿಂದು ಜೀವ ಕಳಕೊಂಡವರಿದ್ದಾರೆ. ಮಕ್ಕಳು, ದನಕರು ಓಡಾಡುವ ಕಡೆ ಬೇಡವೇ ಬೇಡ. ಗಡ್ಡೆ ಮುಟ್ಟುವಾಗ ಗ್ಲೌಸ್ ಹಾಕಿ, ಆಮೇಲೆ ಕೈ ತೊಳೆಯಿರಿ.

ಹಬ್ಬಲು ನಾಲ್ಕು ಕಡ್ಡಿ ನೆಟ್ಟರೆ ಸಾಕು. ಎಲೆಯ ತುದಿಯೇ ಸಣ್ಣ ಬಳ್ಳಿಯ ಹಾಗೆ ಸುರುಳಿ ಸುತ್ತಿ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಹತ್ತಿರ ಕೂತು ನೋಡಿ, ಎಷ್ಟು ಚೆಂದ! ಹೂ ಮೊದಲು ಹಸಿರು ಹಳದಿ, ಆಮೇಲೆ ದಿನದಿನಕ್ಕೂ ಕೆಂಪಾಗುತ್ತದೆ. ಎಸಳು ಮೇಲಕ್ಕೆ ಮಡಿಚಿ, ಆರು ಕೇಸರ ಸುತ್ತಲೂ ಹರಡಿಕೊಂಡಿರುತ್ತವೆ. ಚಿಟ್ಟೆ ಜೇನು ಹೀರುವಾಗ ಅದರ ರೆಕ್ಕೆಗೆ ಪುಡಿ ಮೆತ್ತಿಕೊಳ್ಳುವುದನ್ನು ನಾನು ಎಷ್ಟೋ ಬೆಳಗ್ಗೆ ನೋಡಿದ್ದೇನೆ. ಸೂರಕ್ಕಿಗಳೂ ಬರುತ್ತವೆ. ಅವಕ್ಕೋಸ್ಕರವಾದರೂ ಔಷಧಿ ಹೊಡೆಯಬೇಡಿ. ಕಪ್ಪು, ಕೆಂಪು, ಬಿಳಿ ಚುಕ್ಕಿಯ ಹುಳ ಎಲೆ ತಿನ್ನಲು ಬಂದರೆ ಕಡ್ಡಿಯಿಂದ ಆರಿಸಿ ತೆಗೆಯಿರಿ.

ಮಳೆಗಾಲ ಕಳೆದ ಮೇಲೆ ಎಲೆ ಹಳದಿಯಾಗಿ ಗಿಡ ಒಣಗುತ್ತದೆ. ಸತ್ತಿತು ಅಂದುಕೊಳ್ಳಬೇಡಿ, ಗಡ್ಡೆ ಒಳಗೆ ಮಲಗಿರುತ್ತದೆ. ನೀರು ನಿಲ್ಲಿಸಿಬಿಡಿ. ಜಾಸ್ತಿ ನೀರು ಕುಡಿದರೆ ಕೊಳೆಯುತ್ತದೆ. ಒಂದು ವರ್ಷ ನಾನು ಅಲ್ಲೇ ಬಸಳೆ ಹಾಕೋಣ ಅಂತ ಗುದ್ದಲಿ ಹಾಕಿ, ಒಳ್ಳೆ ಗಡ್ಡೆಯನ್ನೇ ಎರಡು ತುಂಡು ಮಾಡಿದೆ. ಈಗ ಒಣಗಿದ ದಿನವೇ ಅಲ್ಲೊಂದು ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟುತ್ತೇನೆ. ಎರಡು ಒಳ್ಳೆ ಮಳೆ ಬಿದ್ದ ಮೇಲೆ ಆ ಗೂಟದ ಬುಡದಲ್ಲೇ ಹಸಿರು ಮೊಳಕೆ ಕಾಣುತ್ತದೆ.