ಬೆನ್ನಿಗೊಂದು ಒಲೆ, ಕಾರಿಗೊಂದು ಒಲೆ

ನನ್ನ ಮೊದಲ ಕ್ಯಾಂಪಿಂಗ್ ಒಲೆಯನ್ನು ಉರಿಯ ಜೋರು ನೋಡಿ ಕೊಂಡಿದ್ದೆ. ಮನೆಯಲ್ಲಿ ಹಚ್ಚಿದಾಗ ಭರ್ರೆಂದು ಉರಿದು ನೀರು ಬೇಗ ಕುದಿಸಿತು. ಅದೇ ಒಲೆ ಬೆಟ್ಟದ ಮೇಲಿನ ಒಂದು ಬೆಳಗಿನ ಜಾವ, ಟೆಂಟಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದಾಗ, ಮೇಣದಬತ್ತಿಯಷ್ಟು ಉರಿದು ನಂದಿತು. ಕ್ಯಾನಿಸ್ಟರ್, ಅಂದರೆ ಗ್ಯಾಸ್ ಡಬ್ಬಿ, ಅಲ್ಲಾಡಿಸಿದರೆ ಒಳಗೆ ಇಂಧನ ಕುಲುಕುತ್ತಿತ್ತು. ಇದ್ದೂ ಇಲ್ಲದಂತೆ.

ಕಾರಣ ಆಮೇಲೆ ಗೊತ್ತಾಯಿತು. ಡಬ್ಬಿಯೊಳಗಿನ ಗ್ಯಾಸ್ ದ್ರವವಾಗಿರುತ್ತದೆ. ಅದು ಆವಿಯಾದರೆ ಮಾತ್ರ ಉರಿ. ನಾನು ಒಯ್ದಿದ್ದ ಬರೀ ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಯಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಐಸೋಬ್ಯೂಟೇನ್ ಮೈನಸ್ 12ರ ತನಕ, ಪ್ರೊಪೇನ್ ಮೈನಸ್ 42ರ ತನಕ ಆವಿಯಾಗುತ್ತವೆ. ಸಾಲದ್ದಕ್ಕೆ, ಉರಿಯುತ್ತಾ ಹೋದಂತೆ ಡಬ್ಬಿ ತಾನೇ ತಣ್ಣಗಾಗುತ್ತದೆ. ಅಂದಿನಿಂದ ಒಲೆಗಿಂತ ಮೊದಲು ಡಬ್ಬಿಯ ಮೇಲಿನ ಬರಹ ಓದುತ್ತೇನೆ. ಚಳಿಯಿದ್ದರೆ ಐಸೋಬ್ಯೂಟೇನ್ ಮತ್ತು ಪ್ರೊಪೇನ್ ಮಿಶ್ರಣವೇ ಬೇಕು. ಮಿಶ್ರಣದಲ್ಲೂ ಪ್ರೊಪೇನ್ ಬೇಗ ಖರ್ಚಾಗುವುದರಿಂದ ಡಬ್ಬಿ ಮುಗಿಯುತ್ತಾ ಬಂದಂತೆ ಚಳಿಯಲ್ಲಿ ಉರಿ ಸೋಲುತ್ತದೆ. ಹಾಗಾಗಿ ರಾತ್ರಿ ಡಬ್ಬಿಯನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡೇ ಮಲಗುತ್ತೇನೆ.

ಬೆನ್ನ ಮೇಲೆ ಹೊರುವಾಗ ಈಗ ನನ್ನ ಬಳಿ ಇರುವುದು ಡಬ್ಬಿಯ ತಲೆಗೆ ತಿರುಗಿಸಿ ಕೂರಿಸುವ ಒಲೆ. ತೂಕ ನೂರು ಗ್ರಾಂ ಕೂಡ ಇಲ್ಲ, ಮಡಚಿದರೆ ಮುಷ್ಟಿಯಲ್ಲಿ ಅಡಗುತ್ತದೆ. ಲೆಕ್ಕ ಸರಳ: ಗಾಳಿಯಿಲ್ಲದಿದ್ದರೆ ಒಂದು ಲೀಟರ್ ನೀರು ಕುದಿಸಲು ಹೆಚ್ಚುಕಡಿಮೆ 15 ಗ್ರಾಂ ಗ್ಯಾಸ್. ಗಾಳಿ ಬೀಸಿದರೆ ಈ ಲೆಕ್ಕವೆಲ್ಲ ತಲೆಕೆಳಗು. ಉರಿ ಪಾತ್ರೆಯ ಪಕ್ಕಕ್ಕೆ ಹಾರಿ ಗ್ಯಾಸ್ ವ್ಯರ್ಥವಾಗುತ್ತದೆ. ಗಾಳಿಗೆ ಮರೆ ಬೇಕೇ ಬೇಕು. ಆದರೆ ಈ ಬಗೆಯ ಒಲೆಯ ಸುತ್ತ ಪೂರ್ತಿ ತಗಡು ಸುತ್ತಬಾರದು, ಕಾವು ಕೆಳಗಿನ ಡಬ್ಬಿಗೆ ತಗುಲಿ ಅದು ಸಿಡಿಯುವ ಅಪಾಯವಿದೆ. ನಾನು ಬಂಡೆಯ ಮರೆ ಹುಡುಕುತ್ತೇನೆ, ಇಲ್ಲವೇ ಗಾಳಿ ಬರುವ ಒಂದೇ ಬದಿಗೆ ಬ್ಯಾಗ್ ಅಡ್ಡ ಇಡುತ್ತೇನೆ, ಉರಿಯಿಂದ ದೂರದಲ್ಲಿ.

ಈ ಪುಟ್ಟ ಒಲೆಯ ಇನ್ನೊಂದು ದೌರ್ಬಲ್ಯ ನಿಲುವು. ಕೆಳಗೆ ಸಣ್ಣ ಡಬ್ಬಿ, ಮೇಲೆ ತುಂಬಿದ ಪಾತ್ರೆ. ನೆಲ ಸ್ವಲ್ಪ ಓರೆಯಾದರೂ ಉರುಳುತ್ತದೆ. ಒಬ್ಬರಿಗೆ, ಇಬ್ಬರಿಗೆ ಸಾಕು. ನಾಲ್ವರಿಗೆ ಬೇಯಿಸಬೇಕೆಂದರೆ ನಾನು ಪೈಪ್ ಇರುವ, ಮೂರು ಕಾಲಿನ ಮೇಲೆ ನೆಲಕ್ಕೆ ತಗ್ಗಾಗಿ ಕೂರುವ ಒಲೆಯನ್ನೇ ಒಯ್ಯುತ್ತೇನೆ. ಸ್ಪಿರಿಟ್ ಒಲೆಯನ್ನೂ ಒಂದು ಋತು ಬಳಸಿದೆ. ಕೆಡುವ ಭಾಗವೇ ಇಲ್ಲ, ಬಲು ಹಗುರ. ಆದರೆ ಅಷ್ಟೇ ತೂಕದ ಗ್ಯಾಸಿಗೆ ಹೋಲಿಸಿದರೆ ಸ್ಪಿರಿಟ್ ಕೊಡುವ ಶಾಖ ನೂರಕ್ಕೆ ಸುಮಾರು ಅರವತ್ತು ಪಾಲು ಮಾತ್ರ, ದಿನ ಹೆಚ್ಚಾದಂತೆ ಒಲೆಯಲ್ಲಿ ಉಳಿಸಿದ ತೂಕವನ್ನು ಬಾಟಲಿಯಲ್ಲಿ ಹೊರಬೇಕಾಯಿತು. ಹಗಲು ಬೆಳಕಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೂ ಕಷ್ಟ, ಅದು ನನಗೆ ಹಿಡಿಸಲಿಲ್ಲ.

ಕಾರಿನಲ್ಲಿ ಹೋಗುವಾಗ ತೂಕದ ಚಿಂತೆಯಿಲ್ಲ. ಎರಡು ಬರ್ನರಿನ, ಪೆಟ್ಟಿಗೆಯಂತೆ ಮುಚ್ಚುವ ಒಲೆ. ಮುಚ್ಚಳ ಮತ್ತು ಎರಡು ರೆಕ್ಕೆಗಳೇ ಗಾಳಿಗೆ ಮರೆ. ಇಲ್ಲಿ ನಾನು ನೋಡುವುದು ಒಂದೇ ಗುಣ: ಉರಿಯನ್ನು ಎಷ್ಟು ಸಣ್ಣದು ಮಾಡಬಹುದು. ಜೋರಾಗಿ ಉರಿಯುವ ಒಲೆಗಳು ಬೇಕಾದಷ್ಟಿವೆ, ಮೆಲ್ಲಗೆ ಬೇಯಿಸುವವು ಕಡಿಮೆ. ಕೊಳ್ಳುವ ಮುಂಚೆ ಗುಬುಟನ್ನು ನಿಧಾನ ತಿರುಗಿಸಿ, ಉರಿ ಆರದೆ ಎಷ್ಟು ತಗ್ಗುತ್ತದೆಂದು ನೋಡಿ.

ಯಾವ ಒಲೆಯಾದರೂ ಟೆಂಟಿನೊಳಗೆ ಹಚ್ಚುವುದಿಲ್ಲ, ಮಳೆ ಸುರಿಯುತ್ತಿದ್ದರೂ. ಉರಿಯಿಂದ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ವಿಮಾನದಲ್ಲಿ ಹೋಗುವುದಿದ್ದರೆ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ, ಹೋದ ಊರಿನಲ್ಲಿ ನಮ್ಮ ಒಲೆಗೆ ಹೊಂದುವ ಡಬ್ಬಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುತ್ತೇನೆ. ಮನೆಗೆ ಬಂದ ಮೇಲೆ ಅರ್ಧ ಉಳಿದ ಡಬ್ಬಿಯನ್ನು ತಕ್ಕಡಿಯಲ್ಲಿಟ್ಟು, ತೂಕವನ್ನು ಅದರ ತಳದಲ್ಲೇ ಮಾರ್ಕರಿನಿಂದ ಬರೆದಿಡುತ್ತೇನೆ.