ಚಮಚ ಕೈ ಬದಲಾಯಿಸದಿರಲಿ: ಡಿಮೆನ್ಶಿಯಾ (ಮರೆಗುಳಿ ಕಾಯಿಲೆ) ಇರುವ ಹಿರಿಯರಿಗೆ ಊಟ ಮಾಡಿಸುವ ಬಗೆ

ಆರೈಕೆ ಕೇಂದ್ರಗಳಲ್ಲಿ ಊಟ ಕೆಡುವುದು ಅಡುಗೆಮನೆಯಲ್ಲಲ್ಲ, ಮೇಜಿನ ಬಳಿ. ಒಬ್ಬರು ನಾಲ್ಕು ತುತ್ತು ತಿನ್ನಿಸಿ ಏಳುತ್ತಾರೆ, ಇನ್ನೊಬ್ಬರು ಬಂದು ಮುಂದುವರಿಸುತ್ತಾರೆ, ಮೂರನೆಯವರು ‘ಇವರಿಗೆ ಬೇಡವಂತೆ’ ಎಂದು ತಟ್ಟೆ ಎತ್ತಿಬಿಡುತ್ತಾರೆ.

1. ಮೊದಲೇ ಕೆಲಸ ಹಂಚಿಕೊಳ್ಳಿ. ಬಡಿಸುವವರು ಯಾರು, ಯಾರ ಪಕ್ಕ ಯಾರು ಕೂರಬೇಕು, ಕರೆಗಂಟೆ ಬಾರಿಸಿದರೆ ಓಡುವವರು ಯಾರು? ಓಡುವವರನ್ನು ಗೊತ್ತುಮಾಡದಿದ್ದರೆ ಎಲ್ಲರೂ ಏಳುತ್ತಾರೆ.

2. ಶೌಚ, ಕನ್ನಡಕ, ಹಲ್ಲಿನ ಸೆಟ್, ಶ್ರವಣ ಸಾಧನ ನೋಡಿಕೊಳ್ಳಿ, ಟಿವಿ ಆರಿಸಿ. ಹೂಬಳ್ಳಿಯ ತಟ್ಟೆ ಬೇಡವೇ ಬೇಡ, ಚಿತ್ರವನ್ನೇ ತಿನಿಸೆಂದು ಕೆರೆಯುವವರಿದ್ದಾರೆ. ಆಹಾರದ ಬಣ್ಣಕ್ಕಿಂತ ಬೇರೆಯಾಗಿ ಕಾಣುವ ಒಂದೇ ಬಣ್ಣದ ತಟ್ಟೆ ಸಾಕು.

3. ಇನ್ನು ತುತ್ತು. ನಿಂತು ತಿನ್ನಿಸಬೇಡಿ, ಪಕ್ಕದಲ್ಲಿ, ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಬೆನ್ನು ನೇರ, ಗದ್ದ ತುಸು ಕೆಳಗೆ. ಚಮಚ ಅವರ ಕೈಯಲ್ಲೇ ಇರಲಿ, ನಿಮ್ಮ ಕೈ ಅದರ ಅಡಿಯಲ್ಲಿ. ತಾವೇ ಉಣ್ಣುತ್ತಿದ್ದೇವೆ ಎಂಬ ಭಾವ ಬಂದರೆ ಬಾಯಿ ಬೇಗ ತೆರೆಯುತ್ತದೆ. ಅರ್ಧ ಚಮಚ ಮಾತ್ರ. ಗಂಟಲು ಏರಿ ಇಳಿಯುವವರೆಗೆ ಕಾಯಿರಿ. ಕೆನ್ನೆಯಲ್ಲಿ ತುತ್ತು ಉಳಿದಿದ್ದರೆ ಖಾಲಿ ಚಮಚವನ್ನು ತುಟಿಗೆ ತಾಗಿಸಿ, ಹಲವರು ನುಂಗುತ್ತಾರೆ. ಕೆಮ್ಮಿದರೆ ಅಥವಾ ದನಿ ನೀರು ತುಂಬಿದಂತೆ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಿ ನರ್ಸ್‌ಗೆ ತಿಳಿಸಿ. ಆಹಾರ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಎಲ್ಲವನ್ನೂ ಕಲಸಿ ಸಿರಿಂಜಿನಲ್ಲಿ ಒತ್ತುವ ಅಡ್ಡದಾರಿಯನ್ನಂತೂ ಬಿಟ್ಟೇಬಿಡಿ. ಮೂತಿಯ ಮುಚ್ಚಳದ ಲೋಟವೂ ನನಗೆ ಒಪ್ಪಿಗೆಯಿಲ್ಲ: ಕುಡಿಯಲು ತಲೆ ಹಿಂದಕ್ಕೆ ಬಾಗುತ್ತದೆ. ದ್ರವಕ್ಕೆ ಗಟ್ಟಿ ಮಾಡುವ ಪುಡಿ ಬೆರೆಸಬೇಕಿದ್ದರೆ, ನುಂಗುವಿಕೆಯ ತಜ್ಞರು ಹೇಳಿದ ಅಳತೆಯನ್ನೇ ಪ್ರತಿಯೊಬ್ಬರೂ ಬಳಸಿ. ‘ಕಣ್ಣಂದಾಜು’ ಪಾಳಿಗೊಂದು ಬಗೆ.

ಅವರು ಮುಖ ತಿರುಗಿಸಿದರೆ ಒತ್ತಾಯ ಬೇಡ. ಹಲ್ಲುನೋವೋ ಆಯಾಸವೋ ಇರಬಹುದು. ಸ್ವಲ್ಪ ಹೊತ್ತು ಬಿಟ್ಟು ಸಹೋದ್ಯೋಗಿಯನ್ನು ಕಳಿಸಿ, ಹೊಸ ಮುಖಕ್ಕೆ ಕೆಲವರು ಒಲಿಯುತ್ತಾರೆ. ಚಮಚ ಕೈ ಬದಲಾಯಿಸಬಹುದಾದ ಸಂದರ್ಭ ಇದೊಂದೇ. ಆಗಲೂ ಎಷ್ಟು ಉಂಡರು, ಎಲ್ಲಿಗೆ ಉಣ್ಣುವುದನ್ನು ನಿಲ್ಲಿಸಿದರು ಎಂದು ಹೇಳಿಯೇ ಕೊಡಿ. ಹಿರಿಯರನ್ನು ಮರೆತು ನಿಮ್ಮ ನಿಮ್ಮಲ್ಲೇ ಹರಟುವುದು ಮಾತ್ರ ಬೇಡ.

4. ಊಟದ ಬಳಿಕ ಅರ್ಧ ಗಂಟೆ ನೇರವಾಗಿ ಕೂರಿಸಿ, ಬಾಯಿ ಸ್ವಚ್ಛಗೊಳಿಸಿ.

5. ದಾಖಲೆಯನ್ನು ತಟ್ಟೆ ಎತ್ತಿದವರಲ್ಲ, ತಿನ್ನಿಸಿದವರೇ ಬರೆಯಬೇಕು. ‘ಚೆನ್ನಾಗಿ ಉಂಡರು’ ಎಂಬುದರಿಂದ ಮುಂದಿನ ಪಾಳಿಯವರಿಗೆ ಏನೂ ತಿಳಿಯದು. ‘ಅರ್ಧ ತಟ್ಟೆ, ಒಂದು ಲೋಟ ನೀರು, ಕೊನೆಗೆ ಎರಡು ಸಲ ಕೆಮ್ಮು’ ಎಂದು ಬರೆಯಿರಿ.