ಜೀಪಿನ ಚಾಸಿ ಸೀಳಿದರೆ ಪ್ಲೇಟ್ ಹೊಡೆಯುವ ಮುಂಚೆ ಇಷ್ಟು ಮಾಡಿ

ಕೊಡಚಾದ್ರಿ, ಮಾಂದಲಪಟ್ಟಿ ಕಡೆ ಓಡುವ ಹಳೇ ಜೀಪುಗಳ ಕೆಳಗೆ ಒಮ್ಮೆ ಬಗ್ಗಿ ನೋಡಿ. ಎಷ್ಟೋ ಗಾಡಿಗಳ ಚಾಸಿಗೆ, ಅಂದರೆ ಇಡೀ ಗಾಡಿಯ ಭಾರ ಹೊರುವ ಉಕ್ಕಿನ ಚೌಕಟ್ಟಿಗೆ, ದಪ್ಪನೆಯ ಚೌಕದ ಪ್ಲೇಟ್ ಬಡಿದಿರುತ್ತಾರೆ. ಪ್ಲೇಟ್ ಗಟ್ಟಿಯಾಗೇ ಇರುತ್ತದೆ. ಆದರೆ ಅದು ಮುಗಿಯುವ ಜಾಗದಲ್ಲೇ ಚಾಸಿ ಮತ್ತೆ ಬಾಯಿ ಬಿಟ್ಟಿರುತ್ತದೆ. ಬೆತ್ತಕ್ಕೆ ಕಬ್ಬಿಣದ ಕೊಳವೆ ತೊಡಿಸಿ ಬಗ್ಗಿಸಿದರೆ ಕೊಳವೆ ಮುಗಿಯುವಲ್ಲೇ ಮುರಿಯುತ್ತದೆ, ಅಲ್ವಾ? ಇದೂ ಹಾಗೇ.

ಇಲ್ಲಿ ಹೇಳುತ್ತಿರುವುದು ಸಾಧಾರಣ ಉಕ್ಕಿನ ಹಳೇ ಜೀಪಿನ ಚಾಸಿಗೆ. ದೊಡ್ಡ ಲಾರಿಗಳ ಹೀಟ್ ಟ್ರೀಟ್‌ಮೆಂಟ್ ಆದ (ಕಾಯಿಸಿ ತಣಿಸಿ ಗಟ್ಟಿ ಮಾಡಿದ) ಚಾಸಿಗೆ ಹೀಗೆಲ್ಲ ಬೆಂಕಿ ತೋರಿಸಬೇಡಿ. ಬಿಸಿಯಾದ ಕಡೆ ಅದರ ಬಲವೇ ಹೋಗುತ್ತದೆ. ಸುತ್ತಿಗೆ ಏಟಿಗೆ ತುಕ್ಕು ಪದರ ಪದರವಾಗಿ ಉದುರಿದರೂ ಅಷ್ಟೇ, ಆ ಭಾಗ ಕತ್ತರಿಸಿ ಹೊಸದು ಕೂರಿಸಬೇಕು.

ಬಿರುಕು ಹುಡುಕುವುದು. ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರ್ ಮತ್ತು ಶಾಕಲ್, ಎಂಜಿನ್ ಮೌಂಟ್, ಅಡ್ಡಪಟ್ಟಿ ಸೇರುವ ಮೂಲೆ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ. ಬಿರುಕು ಸ್ಟೀರಿಂಗ್ ಬಾಕ್ಸಿನ ಬುಡದಲ್ಲಿದ್ದರೂ, ಸ್ಟೀರಿಂಗ್ ಪ್ಲೇ (ಸಡಿಲ) ಜಾಸ್ತಿ ಎಂದು ಬಾಲ್ ಜಾಯಿಂಟ್ ಎಲ್ಲ ಬದಲಿಸಿ ಕೈ ಸುಟ್ಟುಕೊಂಡವರಿದ್ದಾರೆ. ಗಾಡಿ ನೆಲದ ಮೇಲೆ ನಿಂತಿರುವಾಗಲೇ ಒಬ್ಬರು ಸ್ಟೀರಿಂಗ್ ಆ ಕಡೆ ಈ ಕಡೆ ಎಳೆಯಲಿ, ನೀವು ಬಾಕ್ಸಿನ ಬುಡ ನೋಡಿ. ಬಿರುಕಿದ್ದರೆ ಕೂದಲೆಳೆಯಷ್ಟು ಗೆರೆ ತೆರೆದು ಮುಚ್ಚುತ್ತದೆ, ಒಣಗಿದ ಕೆಸರು ಅಲ್ಲಿಂದ ಪುಡಿಯಾಗಿ ಉದುರುತ್ತದೆ.

ಜೊತೆಗೆ ಯಾಕೆ ಸೀಳಿತು ಅನ್ನುವುದನ್ನೂ ನೋಡಿ. ಸಡಿಲ ಬೋಲ್ಟ್, ಕಿತ್ತುಹೋದ ಬಂಪ್ ಸ್ಟಾಪ್ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್), ಲೋಡಿಗೆಂದು ಸೇರಿಸಿದ ಎಕ್ಸ್ಟ್ರಾ ಸ್ಪ್ರಿಂಗ್ ಪ್ಲೇಟು, ಅಳತೆ ಮೀರಿದ ಟೈರು. ಇದು ಸರಿಯಾಗದೆ ವೆಲ್ಡಿಂಗ್ ಮಾಡಿಸಿದರೆ ದುಡ್ಡು ದಂಡ.

ತಯಾರಿ. ಬ್ಯಾಟರಿ ವೈರ್ ಬಿಚ್ಚಿ. ಆಲ್ಟರ್ನೇಟರ್ ವೈರ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇದ್ದರೆ ಅದರ ಸಾಕೆಟ್ಟು ಕೂಡ. ಡೀಸೆಲ್ ಟ್ಯಾಂಕ್ ಇಳಿಸಿ, ಬ್ರೇಕ್ ಪೈಪ್ ಸರಿಸಿ. ಅರ್ಥ್ ಕ್ಲಾಂಪನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಕಚ್ಚಿಸಿ, ಇಲ್ಲದಿದ್ದರೆ ಕರೆಂಟ್ ಬೇರಿಂಗುಗಳ ಮೂಲಕ ಹಾದು ಅವನ್ನು ಹಾಳು ಮಾಡುತ್ತದೆ. ಒರೆಸಲು ಬ್ರೇಕ್ ಕ್ಲೀನರ್ ಮಾತ್ರ ಬೇಡವೇ ಬೇಡ. ಕ್ಲೋರಿನ್ ಇರುವ ಕ್ಲೀನರಿಗೆ ವೆಲ್ಡಿಂಗ್ ಬಿಸಿ ತಗುಲಿದರೆ ಫಾಸ್ಜೀನ್ ಎಂಬ ವಿಷದ ಗಾಳಿ ಏಳುತ್ತದೆ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಬಿರುಕಿನ ಬಾಯಿ ಮುಚ್ಚುವವರೆಗೆ ಜಾಕಿ ಕೊಡಿ. ಎರಡೂ ಕಡೆಯ ಬೋಲ್ಟ್ ತೂತುಗಳಿಂದ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ನೋಡಿ. ಎರಡು ಅಳತೆಯೂ ಒಂದೇ ಇರಬೇಕು.

ಬಿರುಕಿನ ತುದಿ. ಕೆಲಸ ಕೆಡುವುದು ಇಲ್ಲೇ. ಕಣ್ಣಿಗೆ ಕಾಣುವ ಗೆರೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಬಿರುಕು ನಿಂತಿರುವುದಿಲ್ಲ. ಪೇಂಟ್ ಕೆರೆದು ಹೊಳೆಯುವ ಲೋಹ ತೆಗೆಯಿರಿ. ಆಮೇಲೆ ಬಿರುಕಿನೊಳಗೆ ಇಳಿದು ಅದನ್ನು ತೋರಿಸಿಕೊಡುವ ಬಣ್ಣ, ಡೈ ಪೆನೆಟ್ರೆಂಟ್ ಬಳಸಿ. ಕ್ಲೀನರ್, ಕೆಂಪು ಡೈ, ಬಿಳಿ ಡೆವಲಪರ್ ಎಂದು ಮೂರು ಡಬ್ಬ ಬರುತ್ತವೆ. ಕೆಂಪು ಹೊಡೆದು ಹತ್ತು ನಿಮಿಷ ಬಿಡಿ. ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ. ನೇರವಾಗಿ ಹೊಡೆದರೆ ಬಿರುಕಿನೊಳಗಿನ ಡೈ ಕೂಡ ತೊಳೆದುಹೋಗುತ್ತದೆ. ಬಿಳಿ ಹೊಡೆದ ಸ್ವಲ್ಪ ಹೊತ್ತಿಗೆ ಕೆಂಪು ಗೆರೆ ತಾನಾಗೇ ಮೇಲೆ ಬರುತ್ತದೆ.

ಆ ಗೆರೆಯ ತುದಿಗಿಂತ ತುಸು ಮುಂದೆ ಪಂಚ್ ಹಾಕಿ 5-6 ಮಿ.ಮೀ. ತೂತು ಕೊರೆಯಿರಿ. ಮತ್ತೆ ಡೈ ಹೊಡೆಯಿರಿ. ತೂತು ದಾಟಿ ಕೆಂಪು ಕಂಡರೆ ಇನ್ನೊಂದು ತೂತು. ಬೇಜಾರಾದರೂ ಮಾಡಿ. ತುದಿ ಉಳಿದರೆ ಮೇಲೆ ಎಂಥಾ ವೆಲ್ಡಿಂಗ್ ಬಿದ್ದರೂ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಈಗ ಗ್ರೈಂಡರಿನಿಂದ ಬಿರುಕಿನುದ್ದಕ್ಕೂ ಸುಮಾರು 60 ಡಿಗ್ರಿಯ ‘ವಿ’ ಆಕಾರದ ತೋಡು ತೆಗೆಯಿರಿ, ಬುಡದಲ್ಲಿ 2 ಮಿ.ಮೀ. ಸಂದು ಬರುವಷ್ಟು. ವೆಲ್ಡಿಂಗ್ ರಾಡ್ 7018 ನಂಬರಿನದೇ ಇರಲಿ. ಅಂಗಡಿಯಲ್ಲಿ ಥಟ್ಟನೆ ಕೈಗೆ ಕೊಡುವ 6013 ಗೇಟಿಗೆ, ಗ್ರಿಲ್ಲಿಗೆ ಸಾಕು, ಚಾಸಿಗೆ ನಾನಂತೂ ಮುಟ್ಟುವುದಿಲ್ಲ. ಆದರೆ 7018ಕ್ಕೆ ತೇವ ಆಗದು. ಮಲೆನಾಡಿನ ಮಳೆಗಾಲದಲ್ಲಿ ಬಿಚ್ಚಿಟ್ಟ ಪ್ಯಾಕೆಟ್ಟಿನ ರಾಡ್ ತಂದರೆ ವಾಪಸ್ ಕಳಿಸಿ. ಚಿಕ್ಕ ಮಿಗ್ ಮಷೀನಿನ (ತಂತಿ ತಾನಾಗೇ ಬರುವ ವೆಲ್ಡಿಂಗ್ ಮಷೀನು) ಬೀಡ್, ಅಂದರೆ ವೆಲ್ಡಿಂಗ್ ಗೆರೆ, ನೋಡಲು ಚೆಂದ, ಎಷ್ಟೋ ಸಲ ಒಳಗೆ ಹಿಡಿದಿರುವುದೇ ಇಲ್ಲ. ವೆಲ್ಡಿಂಗನ್ನು ತುಂಡು ತುಂಡಾಗಿ ಎಳೆಯಿರಿ, ಬೇಗ ಆರಲೆಂದು ನೀರು ಸುರಿಯಬೇಡಿ. ಗ್ರೈಂಡ್ ಮಾಡಿ ಮಟ್ಟಕ್ಕೆ ತಂದು ಇನ್ನೊಮ್ಮೆ ಡೈ ಪರೀಕ್ಷೆ ಮಾಡಿ.

ಪ್ಲೇಟ್. ಚಾಸಿಯಷ್ಟೇ ದಪ್ಪ ಸಾಕು. 3 ಮಿ.ಮೀ. ಚಾಸಿಗೆ 8 ಮಿ.ಮೀ. ಹಾಕುವುದು ಶಕ್ತಿಯಲ್ಲ, ಮುಂದಿನ ಬಿರುಕಿಗೆ ಕೊಡುವ ಆಹ್ವಾನ. ಹಳೇ ಸ್ಪ್ರಿಂಗ್ ಪ್ಲೇಟಿನ ತುಂಡು ಹಾಕೋಣ, ಗಟ್ಟಿ ಇರುತ್ತೆ ಅನ್ನುವ ಮೆಕ್ಯಾನಿಕ್ ಸಿಕ್ಕರೆ ಗಾಡಿ ತಿರುಗಿಸಿ. ಅದರಲ್ಲಿ ಕಾರ್ಬನ್ ಜಾಸ್ತಿ, ವೆಲ್ಡಿಂಗ್ ಪಕ್ಕದಲ್ಲೇ ಪಟ್ಟನೆ ಒಡೆಯುತ್ತದೆ.

ಎರಡೂ ತುದಿ ಚೂಪಾಗುವಂತೆ ಉದ್ದನೆಯ ವಜ್ರದಾಕಾರಕ್ಕೆ ಕತ್ತರಿಸಿ. ಚಾಸಿಗೆ ಅಡ್ಡಲಾಗಿ ನೇರ ಬೀಡ್ ಎಲ್ಲೂ ಬರಬಾರದು. ಪ್ಲೇಟಿನ ನಡುವೆ 12 ಮಿ.ಮೀ. ತೂತುಗಳನ್ನು ಕೊರೆದು ಅವುಗಳ ಒಳಗೂ ವೆಲ್ಡ್ ತುಂಬಿಸಿ. ಚಾಸಿಯ ಮೇಲಿನ ಕೆಳಗಿನ ಮಡಿಕೆಯ ಅಂಚಿಗೆ ಮಾತ್ರ ಡ್ರಿಲ್ಲೂ ಬೇಡ, ಬೀಡೂ ಬೇಡ.

ಎಲ್ಲ ಆದ ಮೇಲೆ ತುಕ್ಕು ತಡೆಯಲು ಜಿಂಕ್ ಪ್ರೈಮರ್, ಪೇಂಟ್, ಸಂದಿಗೆ ಸೀಲರ್, ಒಳಗೆ ಕ್ಯಾವಿಟಿ ವ್ಯಾಕ್ಸ್ (ಪೊಳ್ಳಿನೊಳಗೆ ಹೊಡೆಯುವ ಮೇಣ). ಹಳೇ ಎಂಜಿನ್ ಆಯಿಲ್ ಬಳಿಯಬೇಡಿ, ಧೂಳು ಮೆತ್ತಿಕೊಳ್ಳುತ್ತದೆ, ರಬ್ಬರ್ ಬುಶ್ ಊದಿಕೊಳ್ಳುತ್ತದೆ. ನೀರು ಇಳಿಯುವ ತೂತುಗಳು ತೆರೆದೇ ಇರಲಿ.

ಮೊದಲ ಘಾಟಿ ಹತ್ತಿ ಇಳಿದ ಮೇಲೆ ತೊಳೆದು, ಟಾರ್ಚ್ ಹಿಡಿದು ನೋಡಿ, ಹ್ಯಾಂಗರ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಸ್ಟೀರಿಂಗ್ ಬಾಕ್ಸಿನ ಬುಡದಲ್ಲಿ ಗೆರೆ ಮತ್ತೆ ಕಂಡರೆ ಎರಡನೇ ಸಲ ವೆಲ್ಡಿಂಗ್ ಬೇಡ. ಗಾಡಿ ನಿಲ್ಲಿಸಿ ಆ ಭಾಗವನ್ನೇ ಬದಲಿಸಿ.